ಒಲೆ ಮುಂದೆ ಅರ್ಧ ಗಂಟೆ, ಮೇಜಿನ ಮೇಲೆ "ಇದು ನೀವೇ ಮಾಡಿದ್ದಾ?": ಬೇಸಿಗೆ ಊಟಕ್ಕೆ ಐಡಿಯಾ ಕೊಡಿ

ಬೆವರಿನ_ಬಾಣಲೆ:
ಭಾನುವಾರ ಮಧ್ಯಾಹ್ನ ಎಂಟು ಜನ ಊಟಕ್ಕೆ ಬರುತ್ತಿದ್ದಾರೆ. ಕರೆದವರು ನಮ್ಮ ಯಜಮಾನರು, ಬೇಯಿಸಬೇಕಾದವಳು ನಾನು. ಆ ಬಗ್ಗೆ ಮನೆಯಲ್ಲಿ ಒಂದು ಸುತ್ತು ಮಾತುಕತೆ ಆಗಿದೆ, ಇಲ್ಲಿ ಮತ್ತೆ ಬೇಡ.

ನನ್ನ ಅಡುಗೆಮನೆಗೆ ಇರುವುದು ಒಂದೇ ಕಿಟಕಿ, ಅದೂ ಪಶ್ಚಿಮಕ್ಕೆ. ಫ್ಯಾನ್ ಹಾಕಿದರೆ ಒಲೆ ಆರುತ್ತದೆ, ಹಾಕದಿದ್ದರೆ ನನ್ನ ಜೀವ ಆರುತ್ತದೆ. ಹೋದ ಬೇಸಿಗೆಯಲ್ಲಿ ಹೀಗೇ ಜನ ಬಂದಾಗ ಏಳು ಬಗೆ ಮಾಡಿದ್ದೆ. ಬಡಿಸುವ ಹೊತ್ತಿಗೆ ನನಗೆ ತಲೆಸುತ್ತು, ಬಂದವರಿಗೆ ಆ ಸೆಕೆಯಲ್ಲಿ ಹಸಿವೇ ಇಲ್ಲ. ಎರಡು ತುತ್ತು ತಿಂದು ನೀರು ನೀರು ಅಂದರು. ಉಳಿದದ್ದನ್ನು ಎರಡು ದಿನ ನಾವೇ ತಿಂದೆವು.

ಈ ಸಲ ಒಲೆ ಮುಂದೆ ಒಟ್ಟು ಅರ್ಧ ಗಂಟೆಗಿಂತ ಜಾಸ್ತಿ ನಿಲ್ಲುವುದಿಲ್ಲ ಅಂತ ತೀರ್ಮಾನ ಮಾಡಿದ್ದೇನೆ. ಹಿಂದಿನ ದಿನವೇ ಮುಗಿಸಿಡುವಂಥದ್ದು ಇದ್ದರೆ ಇನ್ನೂ ಒಳ್ಳೆಯದು. ಆದರೆ ನೋಡಿದವರು "ಇದು ನೀವೇ ಮಾಡಿದ್ದಾ?" ಅನ್ನಬೇಕು. ಸುಮ್ನೆ ಹಣ್ಣು ಹೆಚ್ಚಿಟ್ಟು ತಿನ್ನಿ ಅಂದರೆ ಆಗುವುದಿಲ್ಲ. ಬರುವವರಲ್ಲಿ ಮೂವರು ಮಾಂಸ, ಮೀನು, ಮೊಟ್ಟೆ ಮುಟ್ಟುವುದಿಲ್ಲ. ಐದು ವರ್ಷದ ಮಗು ಒಂದಿದೆ. ಜೊತೆಗೆ ನಮ್ಮ ಮಾವ. ಬಿಸಿ ಇಲ್ಲದಿದ್ದರೆ ಅದು ಊಟವೇ ಅಲ್ಲ ಎನ್ನುವವರು ಅವರು.

ಸೌಟು_ಸವಾರ:
ಮೊದಲು ಯಜಮಾನರನ್ನು ಬೇಯಿಸಿ. ಅರ್ಧ ಗಂಟೆ ಸಾಕು.

ತಣ್ಣನೆ_ತಟ್ಟೆ:
ತಣ್ಣನೆಯ ಟೊಮೆಟೊ ಸೂಪ್ ಮಾಡಿ ಅಕ್ಕ, ಗಜ್ಪಾಚೊ ಅಂತಾರೆ. ಸ್ಪೇನಿನ ದಕ್ಷಿಣದ ಆಂಡಲೂಸಿಯಾದ್ದು. ಅಲ್ಲಿ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ದಿನಗಳಿರುತ್ತವೆ, ಹಾಗಾಗಿ ಒಲೆ ಹಚ್ಚುವ ಮಾತೇ ಇಲ್ಲ.

ಒಂದು ಕಿಲೋ ಚೆನ್ನಾಗಿ ಹಣ್ಣಾದ ಟೊಮೆಟೊ, ಒಂದು ಸೌತೆಕಾಯಿ, ಅರ್ಧ ಕ್ಯಾಪ್ಸಿಕಂ, ಒಂದೇ ಒಂದು ಎಸಳು ಬೆಳ್ಳುಳ್ಳಿ, ನೀರಲ್ಲಿ ನೆನೆಸಿ ಹಿಂಡಿದ ಒಂದು ತುಂಡು ಹಳೇ ಬ್ರೆಡ್, ಎರಡು ಚಮಚ ವಿನೆಗರ್, ಉಪ್ಪು. ಎಲ್ಲವನ್ನೂ ಮಿಕ್ಸಿಗೆ ಹಾಕಿ ನುಣ್ಣಗೆ ತಿರುವಿ. ಆಮೇಲೆ ಮಿಕ್ಸಿ ಓಡುತ್ತಿರುವಾಗಲೇ ಕಾಲು ಕಪ್ ಆಲಿವ್ ಎಣ್ಣೆಯನ್ನು ಸಣ್ಣ ಧಾರೆಯಾಗಿ ಬಿಡಿ. ಕೆಂಪಗಿದ್ದದ್ದು ಕಣ್ಣೆದುರೇ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಕೆನೆ ಹಾಕಿದ ಹಾಗೆ ದಪ್ಪ ಆಗುತ್ತದೆ. ಜರಡಿಯಲ್ಲಿ ಸೋಸಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ.

ಬಟ್ಟಲು ತುಂಬಾ ಕೊಡಬೇಡಿ. ಸಣ್ಣ ಗಾಜಿನ ಲೋಟಗಳನ್ನು ಮೊದಲೇ ಫ್ರಿಜ್ಜಿನಲ್ಲಿಟ್ಟು, ತಲಾ ಅರ್ಧ ಲೋಟ. ಮೇಲೆ ಕಾಳಿನಷ್ಟು ಸಣ್ಣಗೆ ಹೆಚ್ಚಿದ ಸೌತೆಕಾಯಿ, ಎರಡು ಹನಿ ಎಣ್ಣೆ. ಲೋಟದ ಹೊರಗೆ ಬೆವರು ಮೂಡಿರುತ್ತದೆ. ಅದನ್ನು ನೋಡಿದರೇ ಬಂದವರಿಗೆ ಅರ್ಧ ಖುಷಿ.

ರಾತ್ರಿಪಾಳಿ:
ಟೊಮೆಟೊ ಜ್ಯೂಸಿಗೆ ಬೆಳ್ಳುಳ್ಳಿ ಹಾಕಿ ಸೂಪ್ ಅಂತ ಹೆಸರಿಟ್ಟರೆ ಆಯ್ತಾ?

ತಣ್ಣನೆ_ತಟ್ಟೆ:
ಜ್ಯೂಸ್ ಅನ್ನುವವರಿಗೆ ಬಿಳಿಯದನ್ನು ಮಾಡಿಕೊಡಿ. ಟೊಮೆಟೊ ಅಮೆರಿಕ ಖಂಡದಿಂದ ಯುರೋಪಿಗೆ ಬಂದದ್ದೇ 16ನೇ ಶತಮಾನದಲ್ಲಿ. ಅದಿಲ್ಲದ ಬಿಳಿ ಸೂಪೂ ಅದೇ ನಾಡಿನದು, ಹೆಸರು ಅಹೊ ಬ್ಲಾಂಕೊ. ನೆನೆಸಿ ಸಿಪ್ಪೆ ತೆಗೆದ ಬಾದಾಮಿ, ಬ್ರೆಡ್, ಬೆಳ್ಳುಳ್ಳಿ, ವಿನೆಗರ್, ಎಣ್ಣೆ, ತಣ್ಣೀರು. ಹಾಲಿನಂತೆ ಬೆಳ್ಳಗಿರುತ್ತದೆ. ಮೇಲೆ ಅರ್ಧ ಸೀಳಿದ ದ್ರಾಕ್ಷಿ. ನನ್ನ ಅನುಭವದಲ್ಲಿ ಇದನ್ನು ಕುಡಿದ ಯಾರೂ ಏನು ಹಾಕಿದ್ದೀರಿ ಅಂತ ಒಂದೇ ಸಲಕ್ಕೆ ಹೇಳಿಲ್ಲ.

ಲ್ಯಾಬ್_ಅಣ್ಣ:
ಸೂಪ್ ಮಾಡುವವರಿಗೆ ಒಂದು ಮಾತು. ಉಪ್ಪು, ಹುಳಿ ಸರಿ ಇದೆಯಾ ಅಂತ ಮಿಕ್ಸಿಯಿಂದ ತೆಗೆದ ಕೂಡಲೇ ನೋಡಿ ಸುಮ್ಮನಾಗಬೇಡಿ. ಪೂರ್ತಿ ತಣ್ಣಗಾದ ಮೇಲೆ ಇನ್ನೊಮ್ಮೆ ನೋಡಿ. ತಂಪಿನಲ್ಲಿ ನಾಲಿಗೆ ಮಂದ ಆಗುತ್ತದೆ, ಸಿಹಿಯಂತೂ ಎದ್ದು ಕಾಣುವಷ್ಟು ಕಡಿಮೆ ಆಗುತ್ತದೆ. ಕರಗಿದ ಐಸ್ ಕ್ರೀಂ ಕುಡಿದು ನೋಡಿ, ಇಷ್ಟು ಸಿಹಿಯಾ ಅನಿಸುತ್ತದೆ. ಗಟ್ಟಿ ಇದ್ದಾಗ ಅದೇ ಸರಿ ಇತ್ತು. ಹಾಗಾಗಿ ತಣ್ಣಗೆ ಬಡಿಸುವ ಯಾವುದಕ್ಕೂ ಬಡಿಸುವ ಐದು ನಿಮಿಷ ಮುಂಚೆ ಉಪ್ಪಿನ ಡಬ್ಬಿ, ನಿಂಬೆಹಣ್ಣು ಕೈಯಲ್ಲಿರಲಿ.

ಇನ್ನೊಂದು, ಟೊಮೆಟೊವನ್ನು ಹಸಿಯಾಗಿ ತಿನ್ನುವುದಾದರೆ ಮೊದಲಿಂದ ಫ್ರಿಜ್ಜಿನಲ್ಲಿಡಬೇಡಿ. ಸುಮಾರು 12 ಡಿಗ್ರಿಗಿಂತ ಕೆಳಗೆ ದಿನಗಟ್ಟಲೆ ಇದ್ದರೆ ಅದರ ಪರಿಮಳ ಹೋಗುತ್ತದೆ. ಹೊರಗಿಟ್ಟು ಹಣ್ಣು ಮಾಡಿ, ರುಬ್ಬಿದ ಮೇಲೆ ತಣ್ಣಗೆ ಮಾಡಿ.

ಪುಟ್ಟಿಯಮ್ಮ:
ನನ್ನ ಕಥೆ ಕೇಳಿ, ನಗಬೇಡಿ. ಹಿಂದೊಮ್ಮೆ ಹೀಗೇ ದೊಡ್ಡದಾಗಿ ಏನೋ ಮಾಡಬೇಕು ಅಂತ ಗಟ್ಟಿ ಮೊಸರಿಗೆ ಹಸಿ ಅನಾನಸ್ ಹೆಚ್ಚಿ ಹಾಕಿ, ಸಕ್ಕರೆ ಬೆರೆಸಿ, ಹಿಂದಿನ ರಾತ್ರಿಯೇ ಫ್ರಿಜ್ಜಿನಲ್ಲಿಟ್ಟೆ. ಬೆಳಿಗ್ಗೆ ನೋಡಿದರೆ ನೀರು ನೀರು. ಬಾಯಿಗಿಟ್ಟರೆ ಬೇವು! ಹಾಲು ಕೆಟ್ಟಿದೆ ಅಂತ ಹಾಲಿನವನ ಜೊತೆ ಜಗಳ ಬೇರೆ ಆಡಿದೆ. ಪಾಪ ಅವನದೇನೂ ತಪ್ಪಿರಲಿಲ್ಲ.

ಲ್ಯಾಬ್_ಅಣ್ಣ:
ಅನಾನಸ್ಸಿನಲ್ಲಿ ಬ್ರೋಮೆಲೈನ್ ಅಂತ ಒಂದು ಕಿಣ್ವ ಇದೆ ಪುಟ್ಟಿಯಮ್ಮ. ಅದು ಪ್ರೋಟೀನನ್ನು ತುಂಡು ತುಂಡು ಮಾಡುತ್ತದೆ, ಆ ತುಂಡುಗಳೇ ಕಹಿ. ಪಪ್ಪಾಯಿ, ಕಿವಿ ಹಣ್ಣಿನಲ್ಲೂ ಇಂಥದ್ದೇ ಇದೆ. ಜೆಲಟಿನ್ ಕೂಡ ಪ್ರೋಟೀನೇ, ಅದಕ್ಕೇ ಈ ಹಣ್ಣುಗಳನ್ನು ಹಸಿಯಾಗಿ ಹಾಕಿದರೆ ಜೆಲ್ಲಿ ಗಟ್ಟಿಯಾಗುವುದೇ ಇಲ್ಲ. ಅನಾನಸ್ ತುಂಡನ್ನು ಐದು ನಿಮಿಷ ಕುದಿಸಿ ಆರಿಸಿ ಹಾಕಿ, ಏನೂ ಆಗುವುದಿಲ್ಲ. ಡಬ್ಬಿಯಲ್ಲಿ ಬರುವುದು ಮೊದಲೇ ಬಿಸಿ ಕಂಡಿರುತ್ತದೆ, ಅದೂ ಪರವಾಗಿಲ್ಲ.

ಪುಟ್ಟಿಯಮ್ಮ:
ಹಾಲಿನವನಿಗೆ ಈಗ ಹೋಗಿ ಹೇಳಲಾ? ಆರು ವರ್ಷ ಆಯ್ತು.

ನಿಂಬೆಹುಳಿ:
ಜೆಲ್ಲಿ ಮಾತು ಬಂತಲ್ಲ, ಬೇಸಿಗೆಗೆ ಜೆಲಟಿನ್ ಬೇಡವೇ ಬೇಡ. ಅದು ಮೈ ಬಿಸಿಗೇ ಕರಗುವಂಥದ್ದು. ಸೆಕೆಯಲ್ಲಿ ಮೇಜಿನ ಮೇಲೆ ಇಟ್ಟು ಫೋಟೊ ತೆಗೆಯುವಷ್ಟರಲ್ಲಿ ಕುಸಿದು ಕೂರುತ್ತದೆ. ಮೇಲಾಗಿ ಅದು ಪ್ರಾಣಿಗಳಿಂದ ಬರುವುದು, ನಿಮ್ಮ ಮೂವರು ತಿನ್ನುವುದಿಲ್ಲ. ಚೈನಾ ಗ್ರಾಸ್ ತಗೊಳ್ಳಿ. ಸಮುದ್ರದ ಪಾಚಿಯಿಂದ ಮಾಡಿದ್ದು. ಫ್ರಿಜ್ಜೂ ಬೇಕಿಲ್ಲ, ಸುಮಾರು 35ರಿಂದ 40 ಡಿಗ್ರಿಗೇ ಗಟ್ಟಿಯಾಗುತ್ತದೆ. ಮತ್ತೆ ಕರಗಬೇಕಾದರೆ 85 ಡಿಗ್ರಿ ಆಗಬೇಕು. ಅಂದರೆ ನಿಮ್ಮ ಅಡುಗೆಮನೆಯಲ್ಲೂ ನಿಲ್ಲುತ್ತದೆ ಅಕ್ಕ.

ಪುಡಿಯಾದರೆ ಕಾಲು ಲೀಟರಿಗೆ 2 ಗ್ರಾಂ ಸಾಕು. ತಣ್ಣೀರಿಗೆ ಹಾಕಿ ಕಲಸಿ, ಎರಡು ಮೂರು ನಿಮಿಷ ಕುದಿಸಲೇಬೇಕು. ಆಮೇಲೆ ಹಣ್ಣಿನ ರಸ ಸೇರಿಸಿ. ಫ್ರಿಜ್ಜಿನಿಂದ ಈಗ ತಾನೇ ತೆಗೆದ ರಸ ಸುರಿದರೆ ಗಂಟು ಗಂಟಾಗುತ್ತದೆ, ಹೊರಗಿಟ್ಟದ್ದು ಬೇಕು. ಗಾಜಿನ ಲೋಟವನ್ನು ಓರೆಯಾಗಿ ನಿಲ್ಲಿಸಿ ಒಂದು ಬಣ್ಣ ಹೊಯ್ಯಿರಿ. ಅದು ಗಟ್ಟಿಯಾದ ಮೇಲೆ ನೇರ ನಿಲ್ಲಿಸಿ ಇನ್ನೊಂದು ಬಣ್ಣ. ಕೆಲಸ ಹತ್ತು ನಿಮಿಷ, ನೋಡುವವರಿಗೆ ಹೋಟೆಲಿನಿಂದ ತಂದಂತೆ.

ಮಿಕ್ಸಿ_ಮಹಾರಾಯ:
ನಿಂಬೆರಸವನ್ನು ಚೈನಾ ಗ್ರಾಸ್ ಜೊತೆಯೇ ಹಾಕಿ ಕುದಿಸಬೇಡಿ. ಹುಳಿಯಲ್ಲಿ ಕುದಿದರೆ ಅದರ ಹಿಡಿತ ಹೋಗುತ್ತದೆ. ಒಲೆ ಆರಿಸಿದ ಮೇಲೆ ಹುಳಿ. ಕೇಳಬೇಡಿ ಹೇಗೆ ಗೊತ್ತು ಅಂತ.

ದಡದ_ಮೀನು:
ಎಲ್ಲರೂ ಹುಲ್ಲು, ಪಾಚಿ ಅಂತ ಕೂತಿದ್ದೀರಿ. ಮೀನು ತಿನ್ನುವವರು ಐದು ಜನ ಇದ್ದಾರಲ್ವಾ? ಸೆವಿಚೆ ಮಾಡಿ. ಪೆರು ದೇಶದ್ದು. ಹಸಿ ಮೀನು ತೆಳ್ಳಗೆ ಹೆಚ್ಚಿ ನಿಂಬೆರಸದಲ್ಲಿ ಇಪ್ಪತ್ತು ನಿಮಿಷ ಬಿಟ್ಟರೆ ಬೆಂದೇ ಹೋಗುತ್ತದೆ. ಬೆಂಕಿ ಬೇಡ. ಇದಕ್ಕಿಂತ ದೊಡ್ಡ ಜಾದೂ ಏನಿದೆ?

ಲ್ಯಾಬ್_ಅಣ್ಣ:
ಬೇಯುವುದಿಲ್ಲ ಸ್ವಾಮಿ. ಬೆಂದ ಹಾಗೆ ಕಾಣುತ್ತದೆ ಅಷ್ಟೆ. ಹುಳಿಗೆ ಮೀನಿನ ಪ್ರೋಟೀನು ಬಿಳಿಯಾಗಿ ಗಟ್ಟಿಯಾಗುತ್ತದೆ ನಿಜ. ಆದರೆ ಅದರೊಳಗಿನ ಹುಳ ಸಾಯುತ್ತದೆ ಅನ್ನುವ ಭರವಸೆ ಇಲ್ಲ, ರೋಗಾಣುಗಳೂ ಅಷ್ಟೇ. ಹಸಿ ತಿನ್ನುವ ಮೀನನ್ನು ಹುಳ ಸಾಯಲು ಮೈನಸ್ 20 ಡಿಗ್ರಿಯಲ್ಲಿ 7 ದಿನ ಇಡಬೇಕು ಅನ್ನುವುದು ಅಮೆರಿಕದ ಆಹಾರ ಇಲಾಖೆಯ ನಿಯಮ. ಮನೆಯ ಫ್ರೀಜರ್ ಬಾಗಿಲು ದಿನಕ್ಕೆ ಇಪ್ಪತ್ತು ಸಲ ತೆಗೆಯುತ್ತೇವೆ, ಅದು ಅಷ್ಟು ತಣ್ಣಗೆ ನಿಲ್ಲುವುದು ಅನುಮಾನ. ಐದು ವರ್ಷದ ಮಗು ಬೇರೆ ಇದೆ.

ದಡದ_ಮೀನು:
ನಾನು ಇಪ್ಪತ್ತು ವರ್ಷದಿಂದ ತಿಂತಾ ಇದ್ದೀನಿ, ಇನ್ನೂ ಬದುಕಿದ್ದೀನಿ.

ರಾತ್ರಿಪಾಳಿ:
ಹುಳವೂ ಬದುಕಿರಬಹುದು, ಒಳಗೇ.

ಬೆವರಿನ_ಬಾಣಲೆ:
ಅಯ್ಯೋ ದೇವರೇ. ಹಸಿ ಮೀನು ಬೇಡ, ಬಿಡಿ. ಸೂಪ್ ಮಾಡುತ್ತೇನೆ, ಕೆಂಪಿನದು. ಮೇಜಿನ ಮಧ್ಯೆ ಇಡಲು ಏನಾದರೂ ದೊಡ್ಡದು ಹೇಳಿ. ಮತ್ತೆ ಮಾವನಿಗೆ ಬಿಸಿ ಏನು?

ಗುಡ್ಡದ_ಗಾಳಿ:
ಮಧ್ಯೆ ಇಡಲು ಕಟ್ಟು ಮೊಸರು. ಶುಕ್ರವಾರ ರಾತ್ರಿ ಎರಡು ಕಿಲೋ ಗಟ್ಟಿ ಮೊಸರಿಗೆ ಎರಡು ಚಮಚ ಉಪ್ಪು ಕಲಸಿ, ತೆಳು ಬಟ್ಟೆಯಲ್ಲಿ ಕಟ್ಟಿ, ಜರಡಿ ಮೇಲಿಟ್ಟು, ಕೆಳಗೊಂದು ಪಾತ್ರೆ. ಎಲ್ಲ ಫ್ರಿಜ್ಜಿನೊಳಗೇ, ಹೊರಗೆ ನೇತುಹಾಕಬೇಡಿ, ಈ ಸೆಕೆಗೆ ಹುಳಿ ಬರುತ್ತದೆ. ಬೆಳಿಗ್ಗೆಗೆ ಸುಮಾರು ಅರ್ಧದಷ್ಟು ಉಳಿಯುತ್ತದೆ, ಬೆಣ್ಣೆ ಸವರಿದ ಹಾಗೆ ಸವರಬಹುದು. ಲೆಬನಾನ್ ಕಡೆ ಇದಕ್ಕೆ ಲಬ್ನೆ ಅಂತಾರೆ.

ಇನ್ನು ಅಲಂಕಾರ. ಮನೆಯಲ್ಲಿರುವ ಅತಿ ದೊಡ್ಡ, ಚಪ್ಪಟೆ ತಟ್ಟೆ ತೆಗೆದುಕೊಳ್ಳಿ. ಮೊಸರನ್ನು ಸುರಿದು ಚಮಚದ ಬೆನ್ನಿನಿಂದ ಸುತ್ತಲೂ ಎಳೆಯಿರಿ, ಅಲೆ ಅಲೆಯಾಗಿ ಹಳ್ಳ ಬೀಳಬೇಕು. ಆ ಹಳ್ಳಗಳಲ್ಲಿ ಎಣ್ಣೆ ನಿಲ್ಲುತ್ತದೆ. ಮೇಲೆ ಸೌತೆಕಾಯಿ, ಹುರಿದ ಎಳ್ಳು, ಕೈಯಲ್ಲಿ ಹರಿದ ಪುದೀನ, ಚಿಟಿಕೆ ಮೆಣಸಿನ ಪುಡಿ. ಸುತ್ತ ಬಿಸಿ ರೊಟ್ಟಿ ಅಥವಾ ಸುಟ್ಟ ಬ್ರೆಡ್. ಜನ ತಾವೇ ಮುರಿದು ಅದ್ದಿ ತಿನ್ನುತ್ತಾರೆ, ಬಡಿಸುವ ಕೆಲಸವೂ ಇಲ್ಲ. ತಟ್ಟೆಯ ಅಂಚು ಎರಡು ಬೆರಳಿನಷ್ಟು ಖಾಲಿ ಬಿಡಿ. ತುಂಬಿ ತುಳುಕಿಸಿದರೆ ಚೆಂದ ಹೋಗುತ್ತದೆ.

ಸೌತೆಕಾಯಿಯಲ್ಲಿ ನೂರಕ್ಕೆ 95 ಪಾಲು ನೀರು. ಹೆಚ್ಚಿ ಉಪ್ಪು ಸವರಿ ಹದಿನೈದು ನಿಮಿಷ ಬಿಟ್ಟು ಹಿಂಡಿ ಹಾಕಿ. ಇಲ್ಲದಿದ್ದರೆ ನೀವು ರಾತ್ರಿಯಿಡೀ ಬಸಿದ ನೀರು ಮತ್ತೆ ತಟ್ಟೆಗೇ ಬರುತ್ತದೆ.

ನಿಂಬೆಹುಳಿ:
ಆ ಮೊಸರನ್ನು ನಿಂಬೆ ಗಾತ್ರದ ಉಂಡೆ ಕಟ್ಟಿ, ಬೆಳ್ಳುಳ್ಳಿ ಜಜ್ಜಿ ಹಾಕಿದ ಎಣ್ಣೆಯಲ್ಲಿ ಮುಳುಗಿಸಿ ಶೆಲ್ಫಿನ ಮೇಲೆ ಇಟ್ಟರೆ ತಿಂಗಳುಗಟ್ಟಲೆ ಬರುತ್ತದೆ. ಬಾಟಲಿ ನೋಡಲೂ ಚೆಂದ.

ಲ್ಯಾಬ್_ಅಣ್ಣ:
ದಯವಿಟ್ಟು ಬೇಡ. ಹಸಿ ಬೆಳ್ಳುಳ್ಳಿ ಎಣ್ಣೆಯೊಳಗೆ, ಗಾಳಿ ಇಲ್ಲದೆ, ಕೋಣೆಯ ಬಿಸಿಯಲ್ಲಿ: ಬಾಟ್ಯುಲಿಸಂ (ಪ್ರಾಣಕ್ಕೇ ಕುತ್ತು ತರಬಲ್ಲ ಆಹಾರದ ವಿಷಬಾಧೆ) ಬರಿಸುವ ಬ್ಯಾಕ್ಟೀರಿಯಾಗೆ ಇದಕ್ಕಿಂತ ಒಳ್ಳೆ ಮನೆ ಇಲ್ಲ. ವಾಸನೆ, ರುಚಿ ಯಾವುದರಲ್ಲೂ ಗೊತ್ತಾಗುವುದಿಲ್ಲ. ಬೆಳ್ಳುಳ್ಳಿ ಎಣ್ಣೆ ಮಾಡಿದರೆ ಫ್ರಿಜ್ಜಿನಲ್ಲಿಟ್ಟು ಮೂರ್ನಾಲ್ಕು ದಿನದಲ್ಲಿ ಮುಗಿಸಿ.

ನಿಂಬೆಹುಳಿ:
ಸರಿ ಗುರುಗಳೇ. ನಿಮ್ಮ ಮನೆಗೆ ಊಟಕ್ಕೆ ಬಂದರೆ ಏನು ಕೊಡುತ್ತೀರಿ, ಡಿಸ್ಟಿಲ್ಡ್ ವಾಟರಾ?

ಲ್ಯಾಬ್_ಅಣ್ಣ:
ಕುದಿಸಿ ಆರಿಸಿದ್ದು.

ಹಳೇಹೆಂಚು:
ನಾನು ಒಪ್ಪುವುದಿಲ್ಲ. ಇಡೀ ಚರ್ಚೆಯೇ ತಲೆಕೆಳಗಾಗಿದೆ. ಬೇಸಿಗೆಯಲ್ಲಿ ಬಿಸಿ ತಿನ್ನಬೇಕು, ಖಾರ ತಿನ್ನಬೇಕು. ಬೆವರಬೇಕು. ಬೆವರಿದರೆ ಮೈ ತಣ್ಣಗಾಗುತ್ತದೆ. ನಮ್ಮ ತಂದೆ ಸುಡು ಬಿಸಿಲಲ್ಲಿ ಬಿಸಿ ಚಹಾ ಕುಡಿಯುತ್ತಿದ್ದರು. ಈ ಅಕ್ಕನ ಮಾವ ಹೇಳುವುದೇ ಸರಿ.

ಗುಡ್ಡದ_ಗಾಳಿ:
ಬೆವರು ಆವಿಯಾದರೆ ತಾನೇ ತಣ್ಣಗಾಗುವುದು? ಒಣ ಹವೆ, ಗಾಳಿ ಇದ್ದರೆ ನಿಮ್ಮ ಮಾತು ಸರಿ. ತೇವ ತುಂಬಿದ ಹವೆಯಲ್ಲಿ ಬೆವರು ಮೈ ಮೇಲೇ ಕೂರುತ್ತದೆ. ಆಗ ಬಿಸಿ ಚಹಾ ಅಂದರೆ ಬಿಸಿ ಚಹಾ ಅಷ್ಟೆ.

ಮಿಕ್ಸಿ_ಮಹಾರಾಯ:
ಖಾರ ಬಿಸಿ ಅನಿಸುವುದು, ಪುದೀನ ತಂಪು ಅನಿಸುವುದು ಎರಡೂ ನರಗಳಿಗೆ ಮಾಡುವ ಮೋಸ. ಬಿಸಿ ತಿಳಿಯುವ ನರವನ್ನೇ ಮೆಣಸಿನಕಾಯಿ ಕೆಣಕುತ್ತದೆ, ತಂಪು ತಿಳಿಯುವುದನ್ನು ಪುದೀನ. ಇದನ್ನು ಕಂಡುಹಿಡಿದ ಕೆಲಸಕ್ಕೇ 2021ರ ವೈದ್ಯಕೀಯ ನೊಬೆಲ್ ಬಂತು, ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಅವರಿಗೆ. ಪುದೀನ ತಿಂದರೆ ಮೈ ಬಿಸಿ ಒಂದು ಡಿಗ್ರಿಯೂ ಇಳಿಯುವುದಿಲ್ಲ. ಆದರೂ ಹಾಕಿ. ಮೋಸ ಚೆನ್ನಾಗಿದೆ.

ಹಳೇಹೆಂಚು:
ನೊಬೆಲ್ ಕೊಟ್ಟವರು ನಮ್ಮ ತಂದೆಯ ಚಹಾ ಕುಡಿದಿರಲಿಲ್ಲ.

ತಣ್ಣನೆ_ತಟ್ಟೆ:
ಮಾವನಿಗೆ ಬರೋಣ. ಬಿಸಿ ಪಾಸ್ತಾ, ಹಸಿ ಟೊಮೆಟೊ ಸಾಸು. ಬೆಳಿಗ್ಗೆ ಒಂದು ಕಿಲೋ ಟೊಮೆಟೊ ಸಣ್ಣಗೆ ಹೆಚ್ಚಿ ಉಪ್ಪು, ಆಲಿವ್ ಎಣ್ಣೆ, ಜಜ್ಜಿದ ಒಂದು ಎಸಳು ಬೆಳ್ಳುಳ್ಳಿ, ಹರಿದ ತುಳಸಿ (ಬೇಸಿಲ್ ಸಿಕ್ಕರೆ ಅದು) ಹಾಕಿ ಮುಚ್ಚಿಡಿ. ಒಂದು ಗಂಟೆಯಲ್ಲಿ ಅದೇ ರಸ ಬಿಟ್ಟುಕೊಳ್ಳುತ್ತದೆ. ಜನ ಕೂತ ಮೇಲೆ ಪಾಸ್ತಾ ಬೇಯಿಸಿ, ಬಸಿದು, ಹೊಗೆಯಾಡುತ್ತಿರುವಾಗಲೇ ಆ ಪಾತ್ರೆಗೆ ಸುರಿದು ಕಲಸಿ. ಬೆಳ್ಳುಳ್ಳಿ, ತುಳಸಿ ಎರಡರ ಪರಿಮಳ ಒಟ್ಟಿಗೇ ಏಳುತ್ತದೆ. ಇದನ್ನು ಅಡುಗೆಮನೆಯಲ್ಲಿ ಮಾಡಬೇಡಿ, ಮೇಜಿನ ಮೇಲೆ, ಎಲ್ಲರ ಮೂಗಿನ ಮುಂದೆ ಮಾಡಿ.

ನೀರು ಕುದಿದು ಪಾಸ್ತಾ ಹಾಕಿದ ಮೇಲೆ ಎರಡು ನಿಮಿಷ ಕುದಿಸಿ ಒಲೆ ಆರಿಸಿಬಿಡಿ. ಬಿಗಿಯಾಗಿ ಮುಚ್ಚಿ ಪ್ಯಾಕೆಟ್ ಮೇಲೆ ಬರೆದಷ್ಟು ಹೊತ್ತು, ಮೇಲೆ ಒಂದು ನಿಮಿಷ ಬಿಟ್ಟರೆ ಅದೇ ಬೇಯುತ್ತದೆ. ಅಷ್ಟು ಹೊತ್ತು ಉರಿ ಉರಿಸುವುದು ಸುಮ್ನೆ ದಂಡ.

ಅನ್ನದ_ಅಗುಳು:
ಇಷ್ಟೆಲ್ಲ ಯಾಕೆ? ಬೆಳಿಗ್ಗೆ ಐದಕ್ಕೆದ್ದು ತಂಪು ಹೊತ್ತಲ್ಲಿ ಅನ್ನ ಮಾಡಿಟ್ಟು, ಮಧ್ಯಾಹ್ನ ತರಕಾರಿ, ನಿಂಬೆ, ಕಡಲೆಬೀಜ ಕಲಸಿದರೆ ಮುಗಿಯಿತು. ನಾನು ಯಾವಾಗಲೂ ಹಾಗೇ.

ಲ್ಯಾಬ್_ಅಣ್ಣ:
ಐದಕ್ಕೆ ಮಾಡಿದ ಅನ್ನ ಒಂದರವರೆಗೆ ಹೊರಗೇ ಇರುತ್ತಾ? ಬೈಯಬೇಡಿ, ಇದನ್ನೂ ಹೇಳಿಬಿಡುತ್ತೇನೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಾಣು ಇರುತ್ತದೆ, ಕುದಿಸಿದರೂ ಸಾಯುವುದಿಲ್ಲ. ಅನ್ನ ಹೊರಗೆ ಬೆಚ್ಚಗೆ ಕೂತರೆ ಬೆಳೆದು ವಿಷ ಬಿಡುತ್ತದೆ. ಆಮೇಲೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಬೇಯಿಸಿದ್ದು ಹೊರಗೆ ಎರಡು ಗಂಟೆಗಿಂತ ಜಾಸ್ತಿ ಬೇಡ, 32 ಡಿಗ್ರಿ ಮೀರಿದ ದಿನ ಒಂದೇ ಗಂಟೆ. ಅಗಲ ತಟ್ಟೆಯಲ್ಲಿ ಹರಡಿ ಆರಿಸಿ ಬೇಗ ಫ್ರಿಜ್ಜಿಗೆ ಹಾಕಿದರೆ ನಿಮ್ಮ ಐಡಿಯಾ ಒಳ್ಳೆಯದೇ.

ಅನ್ನದ_ಅಗುಳು:
ನಿಮ್ಮ ಜೊತೆ ಇರುವವರು ಏನಾದರೂ ನೆಮ್ಮದಿಯಾಗಿ ತಿಂದಿದ್ದಾರಾ ಜೀವನದಲ್ಲಿ?

ಬೆವರಿನ_ಬಾಣಲೆ:
ಲ್ಯಾಬ್ ಅಣ್ಣ ಹೇಳುವುದು ಹೇಳಲಿ ಬಿಡಿ, ನನಗೆ ಉಪಯೋಗ ಆಗುತ್ತಿದೆ. ಪಾಸ್ತಾ ಖಂಡಿತ. ಕೊನೆಗೆ ಸಿಹಿ? ಐಸ್ ಕ್ರೀಂ ಯಂತ್ರ ಇಲ್ಲ. ಚೈನಾ ಗ್ರಾಸ್ ಚೆನ್ನಾಗಿದೆ, ಆದರೆ ಇನ್ನೂ ತಣ್ಣಗಿರುವುದು ಬೇಕು.

ಪುಟ್ಟಿಯಮ್ಮ:
ಅರ್ಧ ಲೀಟರ್ ಗಟ್ಟಿ ಕ್ರೀಮು (ಕೊಬ್ಬು ನೂರಕ್ಕೆ 30ಕ್ಕಿಂತ ಜಾಸ್ತಿ ಇರಬೇಕು, ಇಲ್ಲದಿದ್ದರೆ ನೊರೆ ನಿಲ್ಲುವುದಿಲ್ಲ) ಚೆನ್ನಾಗಿ ಕಡೆದು, ಒಂದು ಡಬ್ಬಿ ಕಂಡೆನ್ಸ್ಡ್ ಮಿಲ್ಕ್ ಮೆಲ್ಲಗೆ ಬೆರೆಸಿ, ರಾತ್ರಿ ಫ್ರೀಜರಿಗೆ. ಯಂತ್ರ ಬೇಡ. ಪಾತ್ರೆ, ಕಡೆಯುವ ಕಡ್ಡಿ, ಕ್ರೀಮು ಮೂರೂ ತಣ್ಣಗಿರಲಿ. ಸೆಕೆಯಲ್ಲಿ ಮೊದಲು ಗಟ್ಟಿಯಾಗುವುದೇ ಇಲ್ಲ. ಆಯ್ತು ಅಂತ ಇನ್ನೂ ನಾಲ್ಕು ಸುತ್ತು ಜಾಸ್ತಿ ಕಡೆದರೆ ಬೆಣ್ಣೆ ಬರುತ್ತದೆ. ಬಂದರೆ ಬೆಣ್ಣೆ ತಿನ್ನಿ.

ಗುಡ್ಡದ_ಗಾಳಿ:
ಎಂಟು ಜನಕ್ಕೆ, ಪಾಸ್ತಾ ಆದ ಮೇಲೆ, ಅಷ್ಟು ಕೆನೆ ಭಾರ ಆಗುತ್ತದೆ. ಕಲ್ಲಂಗಡಿ ಗ್ರನೀಟಾ ಮಾಡಿ. ಸಿಸಿಲಿ ದ್ವೀಪದವರ ಉಪಾಯ. ಒಂದು ಕಿಲೋ ಕಲ್ಲಂಗಡಿ ತಿರುಳು ಬೀಜ ತೆಗೆದು ರುಬ್ಬಿ, 100 ಗ್ರಾಂ ಸಕ್ಕರೆ, ಒಂದು ನಿಂಬೆ, ಚಿಟಿಕೆ ಉಪ್ಪು. ಅಗಲವಾದ ಸ್ಟೀಲ್ ತಟ್ಟೆಗೆ ಸುರಿದು ಫ್ರೀಜರಿನಲ್ಲಿಡಿ. ಒಂದು ಗಂಟೆ ಬಿಟ್ಟು ಅಂಚು ಗಟ್ಟಿಯಾದಾಗ ಫೋರ್ಕಿನಿಂದ ಕೆರೆದು ಮಧ್ಯಕ್ಕೆ ತನ್ನಿ. ಆಮೇಲೆ ಅರ್ಧ ಗಂಟೆಗೊಮ್ಮೆ ಕೆರೆಯುತ್ತಿರಿ. ಮೂರು ಗಂಟೆಯಲ್ಲಿ ಕೆಂಪು ಹಿಮದ ಹರಳು. ಸಕ್ಕರೆ ಕಡಿಮೆ ಮಾಡಬೇಡಿ, ಅದು ಸಿಹಿಗಷ್ಟೇ ಅಲ್ಲ. ಸಕ್ಕರೆ ಕಡಿಮೆಯಾದರೆ ಕಲ್ಲಿನಂಥ ಐಸ್ ಆಗುತ್ತದೆ, ತೀರಾ ಜಾಸ್ತಿಯಾದರೆ ಗಟ್ಟಿಯೇ ಆಗುವುದಿಲ್ಲ.

ಕೆರೆಯುವ ಕೆಲಸ ಯಜಮಾನರಿಗೆ ಕೊಡಿ. ಅಡುಗೆ ಬರುವುದು ಬೇಕಿಲ್ಲ, ಅಲಾರಂ ಇದ್ದರೆ ಸಾಕು.

ಸೌಟು_ಸವಾರ:
ನಾನು ಮೊದಲೇ ಹೇಳಿದ್ದೆ.

ರಾತ್ರಿಪಾಳಿ:
ಮಗುವಿಗೆ ಆಟವೂ ಆಗುತ್ತದೆ, ಇದನ್ನು ಮಾಡಿಸಿ. ಸಣ್ಣ ಜಿಪ್ ಚೀಲದಲ್ಲಿ ಹಾಲು, ಕ್ರೀಮು, ಸಕ್ಕರೆ. ಅದನ್ನು ಐಸು ಮತ್ತು ಕಲ್ಲುಪ್ಪು ತುಂಬಿದ ದೊಡ್ಡ ಚೀಲದೊಳಗಿಟ್ಟು ಹತ್ತು ನಿಮಿಷ ಕುಲುಕುವುದು. ಉಪ್ಪು ಬಿದ್ದ ಐಸು ಸೊನ್ನೆಗಿಂತ ಎಷ್ಟೋ ಕೆಳಗಿಳಿಯುತ್ತದೆ, ಮೈನಸ್ 21ರವರೆಗೂ ಹೋಗಬಹುದು. ಬರಿಗೈಯಲ್ಲಿ ಹಿಡಿಯಲು ಬಿಡಬೇಡಿ, ಟವೆಲ್ ಸುತ್ತಿ. ನಾನು ಮೊದಲ ಸಲ ಟವೆಲ್ ಇಲ್ಲದೆ ಕುಲುಕಿ ಎರಡು ದಿನ ಬೆರಳು ಜೋಮು.

ಹೊಸಬ_7:
ಪಾನೀಯಕ್ಕೆ ಗಾಜಿನಂಥ ಪಾರದರ್ಶಕ ಐಸ್ ಮಾಡುವುದು ಹೇಗೆ? ನೀರು ಎರಡು ಸಲ ಕುದಿಸಿ ನೋಡಿದೆ, ಮಧ್ಯೆ ಬಿಳಿ ಬರುತ್ತದೆ.

ಮಿಕ್ಸಿ_ಮಹಾರಾಯ:
ಕುದಿಸುವುದರಿಂದ ಆಗುವುದಿಲ್ಲ. ಟ್ರೇಯಲ್ಲಿ ನೀರು ಎಲ್ಲ ಕಡೆಯಿಂದ ಹೆಪ್ಪುಗಟ್ಟುತ್ತದೆ, ಗಾಳಿ ಓಡಲು ದಾರಿಯಿಲ್ಲದೆ ನಡುವೆ ಸಿಕ್ಕಿಕೊಳ್ಳುತ್ತದೆ. ಥರ್ಮಾಕೋಲ್ ಡಬ್ಬಿಯಲ್ಲಿ ನೀರು ತುಂಬಿ, ಮುಚ್ಚಳ ಹಾಕದೆ ಫ್ರೀಜರಿನಲ್ಲಿಡಿ. ಆಗ ಮೇಲಿಂದ ಕೆಳಗೆ ಮಾತ್ರ ಗಟ್ಟಿಯಾಗುತ್ತದೆ, ಗಾಳಿ ಕೆಳಕ್ಕೆ ತಳ್ಳಿಸಿಕೊಂಡು ಹೋಗುತ್ತದೆ. ಪೂರ್ತಿ ಗಟ್ಟಿಯಾಗುವ ಮೊದಲೇ ತೆಗೆದು ಮೇಲಿನ ಭಾಗ ಒಡೆದುಕೊಳ್ಳಿ. ಆದರೆ ಈ ಡಬ್ಬಿ ಇಟ್ಟರೆ ಅಕ್ಕನ ಗ್ರನೀಟಾ ತಟ್ಟೆಗೆ ಜಾಗ ಇರುವುದಿಲ್ಲ.

ಹಳೇಹೆಂಚು:
ಐಸ್ ಪಾರದರ್ಶಕ ಇದ್ದರೆ ನಿಂಬೆ ಪಾನಕ ಜಾಸ್ತಿ ತಣ್ಣಗಾಗುತ್ತದಾ? ಜನಕ್ಕೆ ಕೆಲಸ ಇಲ್ಲ.

ಬೆವರಿನ_ಬಾಣಲೆ:
ಭಾನುವಾರ ಮುಗಿಯಿತು. ವರದಿ ಕೇಳಿದವರಿಗೆ.

ಶುಕ್ರವಾರ ರಾತ್ರಿ ಮೊಸರು ಕಟ್ಟಿದೆ. ಶನಿವಾರ ಸಂಜೆ ಸೂಪ್ ರುಬ್ಬಿದೆ, ಚೈನಾ ಗ್ರಾಸ್ ಕುದಿಸಿದೆ. ಓರೆ ಲೋಟ ನಿಲ್ಲಿಸಲು ಮೊಟ್ಟೆ ಟ್ರೇ ಸರಿಹೋಯಿತು, ಬೇಕಾದವರು ಬಳಸಿಕೊಳ್ಳಿ. ಎರಡನೇ ಬಣ್ಣಕ್ಕೆ ನಿಂಬೆರಸವನ್ನು ಮರೆತು ಮೊದಲೇ ಹಾಕಿ ಕುದಿಸಿಬಿಟ್ಟೆ. ಮಹಾರಾಯರು ಹೇಳಿದ್ದು ನಿಜ, ಗಟ್ಟಿಯಾಗಲೇ ಇಲ್ಲ. ಮೇಲೊಂದು ಪುದೀನ ಎಲೆ ಇಟ್ಟು ಕುಡಿಯಲು ಕೊಟ್ಟೆ. ಕೆಳಗೆ ಜೆಲ್ಲಿ, ಮೇಲೆ ಶರಬತ್ತು. ಅದು ಬೇಕೆಂದೇ ಹಾಗೆ ಮಾಡಿದ್ದು ಅಂತ ಎಲ್ಲರೂ ನಂಬಿದ್ದಾರೆ, ಇಲ್ಲಿ ಬಿಟ್ಟು ಬೇರೆಲ್ಲೂ ಹೇಳಬೇಡಿ.

ಸೂಪಿಗೆ ತಣ್ಣಗಾದ ಮೇಲೆ ನಿಜವಾಗಲೂ ಉಪ್ಪು ಸಾಲದಾಗಿತ್ತು. ಲ್ಯಾಬ್ ಅಣ್ಣ ಹೇಳದಿದ್ದರೆ ಹಾಗೇ ಕೊಡುತ್ತಿದ್ದೆ. ಕಟ್ಟು ಮೊಸರಿನ ತಟ್ಟೆ ಹತ್ತು ನಿಮಿಷದಲ್ಲಿ ಖಾಲಿ, ಮಗು ಬೆರಳಿನಿಂದ ಬಳಿದು ತಿಂದಿತು. ಪಾಸ್ತಾವನ್ನು ಮೇಜಿನ ಮೇಲೇ ಕಲಸಿದೆ. ಮಾವ ಹೊಗೆ ನೋಡಿ "ಹಾಂ, ಇದು ಊಟ" ಅಂದು ಎರಡು ಸಲ ಹಾಕಿಸಿಕೊಂಡರು. ಒಲೆ ಮುಂದೆ ನಿಂತದ್ದು ಎರಡೂ ದಿನ ಸೇರಿ ಇಪ್ಪತ್ತೈದು ನಿಮಿಷ. ಹೋದ ಸಲದ ತಲೆಸುತ್ತು ಇಲ್ಲ, ನಾನೂ ಕೂತು ಉಂಡೆ.

ನಷ್ಟ ಒಂದೇ. ಬೇಗ ತಣ್ಣಗಾಗಲಿ ಅಂತ ಯಜಮಾನರು ಸೋಡಾದ ಗಾಜಿನ ಬಾಟಲಿಯನ್ನು ಫ್ರೀಜರಿಗೆ ಹಾಕಿ ಮರೆತರು. ಒಡೆದು ಚೂರು.

ಗ್ರನೀಟಾ ಅವರೇ ಕೆರೆದರು. ಬೆಳಿಗ್ಗೆಯಿಂದ ಅರ್ಧ ಗಂಟೆಗೊಮ್ಮೆ ಅಲಾರಂ ಹೊಡೆದಾಗೆಲ್ಲ ಓಡಿ ಹೋಗಿ ಕೆರೆದು, ನಡುವೆ ನನ್ನನ್ನು ಕರೆದು ತೋರಿಸಿ. ತಣ್ಣನೆ ಬಟ್ಟಲುಗಳಲ್ಲಿ ಹಾಕಿ ತಂದಿಟ್ಟಾಗ ಅವರ ಗೆಳೆಯರೊಬ್ಬರು ಬಾಯಿಗೆ ಹಾಕಿಕೊಂಡು ಕಣ್ಣರಳಿಸಿ ನನ್ನ ಕಡೆ ತಿರುಗಿ "ಇದು ನೀವೇ ಮಾಡಿದ್ದಾ?" ಅಂದರು. ನಾನು ಬಾಯಿ ತೆಗೆಯುವ ಮೊದಲೇ ಇವರು "ಇಲ್ಲ ಇಲ್ಲ, ಅದು ನಾನು ಮಾಡಿದ್ದು" ಅಂದರು. ಮೂರು ದಿನದ ಕೆಲಸದಲ್ಲಿ ಆ ಪ್ರಶ್ನೆ ಬಂದದ್ದು ಅದೊಂದು ಸಲ.

ಸೌಟು_ಸವಾರ:
ಹಾಹಾಹಾ. ಬೆಂದಿದ್ದಾರೆ, ಇಳಿಸಿಕೊಳ್ಳಿ.

ಲ್ಯಾಬ್_ಅಣ್ಣ:
ಆ ಬಾಟಲಿ ಗ್ರನೀಟಾ ತಟ್ಟೆ ಇದ್ದ ಖಾನೆಯಲ್ಲೇ ಒಡೆಯಿತಾ? ಹಾಗಿದ್ದರೆ ಉಳಿದದ್ದನ್ನು ಯಾರಿಗೂ ಕೊಡಬೇಡಿ, ಗಾಜಿನ ಚೂರಿಗೂ ಐಸಿನ ಹರಳಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ಬೆವರಿನ_ಬಾಣಲೆ:
ಉಳಿದರೆ ತಾನೇ ಅಣ್ಣ. ಬಾಟಲಿ ಒಡೆದದ್ದು ಸಂಜೆ, ಎಲ್ಲರೂ ಹೋದ ಮೇಲೆ. ಇವರು ಈಗ ಬರುವ ಭಾನುವಾರ ಆಫೀಸಿನವರನ್ನು ಕರೆಯುತ್ತಾರಂತೆ, ಬರೀ ಗ್ರನೀಟಾ ತಿನ್ನಲು. ಹನ್ನೆರಡು ಜನ. ಕಲ್ಲಂಗಡಿ ಬಿಟ್ಟು ಬೇರೆ ಯಾವ ಹಣ್ಣಿನಲ್ಲಿ ಚೆನ್ನಾಗಿ ಆಗುತ್ತದೆ ಅಂತ ಕೇಳು ಅಂದಿದ್ದಾರೆ.

ಪುಟ್ಟಿಯಮ್ಮ:
ಅನಾನಸ್. ಮೊಸರು ಮಾತ್ರ ಹಾಕಬೇಡಿ ಅನ್ನಿ.